ಹಣೆಯಿಲ್ಲದ ಚಿತ್ರ

ಮಕ್ತಲ್‌ನಲ್ಲಿ ಈಗ ಯಾರಿಗಾದರೂ ರೆಕ್ಕೆ ಇರುವ ಎತ್ತು ಬೇಕಾದರೆ ಬೇರೆ ಪೇಂಟರನ್ನು ಹುಡುಕಬೇಕು. ಆಶಪ್ಪ ಅದನ್ನು ಬರೆಯುವುದು ಬಿಟ್ಟು ವರ್ಷಗಳಾದವು. ಒಂದು ಕಾಲದಲ್ಲಿ ಈ ಸೀಮೆಯ ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆಲ್ಲ ಅವನ ಕನಸುಗಳೇ ಓಡಾಡುತ್ತಿದ್ದವು: ಹೊಟ್ಟೆಯೊಳಗೆ ದೀಪ ಉರಿಯುವ ಮೀನು, ಜಡೆಯಿಂದ ಕೃಷ್ಣಾ ನದಿ ಇಳಿಯುವ ಹೆಂಗಸು, ಮೋಡ ಮೇಯುವ ಎತ್ತು. ಮಧ್ಯಾಹ್ನ ಉಂಡು ಮಲಗಿದಾಗ ಬಿದ್ದ ಕನಸನ್ನು ಎದ್ದ ಕೂಡಲೇ ಬರೆಯುವುದು ಅವನ ಪದ್ಧತಿ. ಜನ ನಗುತ್ತಲೇ ಬರೆಸಿಕೊಳ್ಳುತ್ತಿದ್ದರು.

ಹೆಂಡತಿ ಚನ್ನವೀರಮ್ಮ ನಾರಾಯಣಪೇಟೆಯವಳು, ನೇಯುವ ಮನೆಯ ಮಗಳು. ಮದುವೆಯಾಗಿ ಬರುವಾಗ ಮಗ್ಗವನ್ನೂ ತಂದಿದ್ದಳು. "ನಿಮ್ಮ ಮೀನಿನ ದೀಪಕ್ಕ ಎಣ್ಣಿ ಯಾರು ಹಾಕ್ತಾರ್ರೀ?" ಎಂದು ಗಂಡನನ್ನು ಕಾಡುತ್ತಿದ್ದಳು. ಒಂದು ಆಷಾಢದಲ್ಲಿ, ಮೂರೇ ದಿನದ ಜ್ವರಕ್ಕೆ ತೀರಿಕೊಂಡಳು.

ವರ್ಷದ ಪೂಜೆ ಹತ್ತಿರ ಬಂದಾಗ ಗದ್ವಾಲದಲ್ಲಿದ್ದ ಮಗಳು ವಿಜಯಶ್ರೀ ಹಟ ಹಿಡಿದಳು. ಅವ್ವನದೆಂದು ಇದ್ದದ್ದು ಗುರುತಿನ ಚೀಟಿಯ ಫೋಟೊ ಒಂದೇ. ಅದರಲ್ಲಿ ಅವಳು ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. "ಊರಿಗೆಲ್ಲ ಬರದುಕೊಟ್ಟಿ. ಪೂಜಿಗೆ ಇಡಾಕ ನಮ್ಮವ್ವನ್ನ ಒಂದ್ಸಲ ಬರಿ" ಎಂದಳು. ಆಶಪ್ಪ ಬರೆದ. ಪಕ್ಕೆಲುಬುಗಳ ಜಾಗದಲ್ಲಿ ಮಗ್ಗ, ಕಣ್ಣುಗಳ ಜಾಗದಲ್ಲಿ ಎರಡು ಲಾಳಿ, ತಲೆಯ ಮೇಲೆ ಚಂದ್ರ. ಮಗಳು ಬಂದು ನೋಡಿ ಕಣ್ಣೀರು ಹಾಕಿದಳು.

"ಇಕಿ ಯಾರೋ ದೇವಿ ಆಗ್ಯಾಳ. ನಮ್ಮವ್ವ ಅಲ್ಲ. ನಿನಗ ಅವ್ವನ ಮುಖ ಮರ್ತೈತೇನಪ್ಪಾ?"

ಮರೆತಿತ್ತು. ಅದೇ ಅವನ ಸಂಕಟ. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವಳ ಮುಖ ಬರೆಯಲು ಕುಂಚ ಎತ್ತಿದರೆ ಕನಸು ಅಡ್ಡ ಬರುತ್ತಿತ್ತು. 

ಅದಾಗಿ ವಾರಕ್ಕೆ ತೆಲಂಗಾಣ ಹೊಸ ರಾಜ್ಯವಾಯಿತು. ಊರೆಲ್ಲ ಗುಲಾಲು, ಪಟಾಕಿ. ಪೇಂಟರಿಗೆ ಕೈತುಂಬ ಕೆಲಸ. ಹಳೆಯ ರಾಜ್ಯದ ಹೆಸರಿದ್ದ ಬೋರ್ಡುಗಳನ್ನೆಲ್ಲ ಹೊಸದಾಗಿ ಬರೆಯಬೇಕಿತ್ತು. ಬಸ್ಸು ನಿಲ್ಲುವ ಕಡೆಯ ಬೋರ್ಡಿಗೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಬಳಿದು, ಒಣಗಲೆಂದು ಆಶಪ್ಪ ಬೀಡಿ ಹಚ್ಚಿಕೊಂಡು ಎದುರಿಗೆ ಕೂತಿದ್ದ. ಕಾಯಿಪಲ್ಲೆ ಮಾರುವ ಮಾಗನೂರಿನ ಮೊಗುಲಮ್ಮ ಬುಟ್ಟಿ ಹೊತ್ತು ಬಂದಳು. ಜೊತೆಗಿದ್ದ ಹೊಸಬಳಿಗೆ ಆ ಖಾಲಿ ಬಿಳುಪನ್ನೇ ಬೆರಳು ಮಾಡಿ ತೋರಿಸಿ, "ಗದ್ವಾಲ್ ಬಸ್ಸು ಇಲ್ಲೇ ನಿಲ್ತೈತಿ ಅಂತ ಬರ್ದಾರ ನೋಡು" ಎಂದಳು.

ಆಶಪ್ಪನಿಗೆ ನಗು ಬಂತು. ಮೊಗುಲಮ್ಮನಿಗೆ ಓದು ಬಾರದು. ಅಕ್ಷರ ಇದ್ದಾಗಲೂ ಅವಳು ನೋಡುತ್ತಿದ್ದದ್ದು ಹಲಗೆಯನ್ನು, ಅದರ ಅಗಲವನ್ನು, ಅದು ನಿಂತ ಜಾಗವನ್ನು. ಗೊತ್ತಿದ್ದವರಿಗೆ ಅಷ್ಟು ಸಾಕು. ಅವನ ನಗು ಅಲ್ಲೇ ನಿಂತಿತು. ಹಾಗಾದರೆ ಚನ್ನವೀರಮ್ಮನಲ್ಲಿ ತಾನು ಏನು ನೋಡುತ್ತಿದ್ದೆ? ಮಗ್ಗದ ಮುಂದೆ ಅವಳ ಮುಖ ಯಾವಾಗಲೂ ಬಗ್ಗಿಯೇ ಇರುತ್ತಿತ್ತು. ಅವನು ನೋಡುತ್ತಿದ್ದದ್ದು ಅವಳ ಕೈಯಡಿ ಬೆಳೆಯುತ್ತಿದ್ದ ಬಟ್ಟೆಯನ್ನು.

ಆ ಚೌಕಳಿ ಬಟ್ಟೆಯಲ್ಲೊಂದು ತಪ್ಪಿರುತ್ತಿತ್ತು. ವಿಜಯಶ್ರೀ ಕೂಸಾಗಿದ್ದಾಗ ಮಗ್ಗದ ಪಕ್ಕದಲ್ಲೇ ತೊಟ್ಟಿಲು. ಕೂಸು ಅತ್ತಾಗ ತೂಗಲು ತಿರುಗಿದರೆ ಎಳೆಗಳ ಲೆಕ್ಕ ತಪ್ಪಿ ಒಂದು ಸಾಲಿನ ಚೌಕಗಳು ಗಿಡ್ಡವಾಗುತ್ತಿದ್ದವು. ತೊಟ್ಟಿಲು ಅಟ್ಟಕ್ಕೆ ಹೋದ ಮೇಲೂ ಕೈ ಆ ರೂಢಿ ಬಿಡಲಿಲ್ಲ. ಮಗ್ಗಕ್ಕೆ ಒಮ್ಮೆ ಹೂಡಿದ ಹಾಸಿನ ಮೇಲೆ ನೇಯುವ ಎಂಟು ಸೀರೆಗಳಲ್ಲೂ ಒಂದೊಂದು ಗಿಡ್ಡ ಸಾಲು. ನೂಲು ಕೊಟ್ಟು ನೇಯಿಸುವ ಸಾಹುಕಾರ ಬೈದರೆ, "ಅದು ನನ್ನ ಮಗಳ ಸಾಲು ರೀ, ಇರಲಿ ಬಿಡ್ರಿ" ಎನ್ನುತ್ತಿದ್ದಳು.

ಪೂಜೆಯ ಬೆಳಿಗ್ಗೆ ಗೋಡೆಗೆ ಆನಿಸಿಟ್ಟ ಚಿತ್ರದಲ್ಲಿ ಕಣ್ಣು, ಮೂಗು, ಮೀನು, ಚಂದ್ರ ಏನೂ ಇರಲಿಲ್ಲ. ಕುಂಕುಮದ ಕೆಂಪು, ಅದರ ಮೇಲೆ ಹಳದಿ ಗೆರೆಗಳ ಚೌಕಗಳು, ಅಷ್ಟೇ. ಬೀಗರು ಮುಖ ಮುಖ ನೋಡಿಕೊಂಡರು. ವಿಜಯಶ್ರೀ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಬಂದವಳು ತಡೆದು ನಿಂತಳು.

"ಹಣಿ ಎಲ್ಲೈತಪ್ಪಾ? ಎಲ್ಲಿ ಹಚ್ಚಲಿ?"

 ತಾನು ತೋರಿಸಿಕೊಟ್ಟರೆ ಅದು ಬರೀ ತನ್ನ ಚಿತ್ರವಾಗಿ ಉಳಿಯುತ್ತದೆ, ಅವಳ ಅವ್ವನಾಗುವುದಿಲ್ಲ ಎನ್ನಿಸಿ ಆಶಪ್ಪ ದೀಪದ ಬತ್ತಿ ಸರಿಮಾಡತೊಡಗಿದ. ಮಗಳ ಕಣ್ಣು ಮೇಲಿನಿಂದ ಒಂದೊಂದೇ ಸಾಲು ಇಳಿದು ಬಂದು ಒಂದು ಕಡೆ ನಿಂತಿತು.

"ಇದು ನಂದು" ಎಂದಳು. 

ಮೂರು ಬೆರಳನ್ನೂ ಆ ಗಿಡ್ಡ ಸಾಲಿನ ಮೇಲಿಟ್ಟು ಎಳೆದಳು. ಸಾಲಿನ ಅಗಲ ಮೂರು ಬೆರಳಿಗೆ ಸರಿಹೋಯಿತು.