ಅಮ್ಮನ ಈಳಿಗೆಗೆ ಮೂರು ಕಾಲು

ಅಮ್ಮನ ಮಂಡಿ ಕೈಕೊಟ್ಟ ವರ್ಷವೇ ನಮ್ಮ ಮನೆಗೆ ಇಂಟರ್ನೆಟ್ ಬಂತು. ಅಥವಾ ಇಂಟರ್ನೆಟ್ ಬಂದು ಒಂದು ವರ್ಷವಾದ ಮೇಲೆ ಮಂಡಿ ಕೈಕೊಟ್ಟಿತು. ಎರಡನ್ನೂ ಒಂದೇ ವರ್ಷಕ್ಕೆ ತುರುಕಿದರೆ ಬರೆಯಲು ಸಲೀಸು. ಸಲೀಸಾದ್ದರಿಂದಲೇ ನನಗೆ ಅನುಮಾನ. ಎರಡು ಸಾವಿರದ ಆಚೀಚೆ ಎಂದಿಟ್ಟುಕೊಳ್ಳಿ. ಜೆ.ಪಿ. ನಗರದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು: ಅಮ್ಮ, ನನ್ನ ಹೆಂಡತಿ, ನಾನು. ಕೆಳಗೆ ಓನರು. ನಮ್ಮ ರಸ್ತೆ, ಎದುರಿನ ಪಾರ್ಕು, ಆಚೆಯ ಬೇಕರಿ ಎಲ್ಲ ಒಂದು ಕಾಲದಲ್ಲಿ ಅವರ ರಾಗಿ ಹೊಲ.

ಇನ್ನು ನೆಲದ ಮೇಲೆ ಕೂರಲೇಬಾರದು ಎಂದು ಡಾಕ್ಟರು ಹೇಳಿದರು. ಅಮ್ಮ ಊಟಕ್ಕೆ ಟೇಬಲ್ಲಿಗೆ ಬಂದಳು, ಪೂಜೆಗೆ ಕುರ್ಚಿ ಹಾಕಿಕೊಂಡಳು. ಈಳಿಗೆಮಣೆಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಾಧ್ಯವಾಗಲಿಲ್ಲ. ಹುಟ್ಟಿದಾಗಿನಿಂದ ಮಣೆಯ ಮೇಲೆ ಕೂತು, ಎದುರಿನ ಅಲಗಿಗೆ ತರಕಾರಿ ಒತ್ತಿ ಹೆಚ್ಚಿದವಳು. ಚಾಕು ಕೊಟ್ಟರೆ ಬೇರೆಯವರ ಕನ್ನಡಕ ಹಾಕಿಕೊಂಡವಳ ಹಾಗೆ ತಡವರಿಸುತ್ತಿದ್ದಳು. ಹೀಗಾಗಿ ಹೆಚ್ಚುವ ಕೆಲಸ ನನ್ನ ಹೆಂಡತಿಗೆ ಬಂತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಮೆಂಟರಿ ಶುರುಮಾಡಿದಳು.

"ಅದೇನು ಹುರುಳಿಕಾಯೋ, ಸೌದೆಯೋ?"

"ಬೆಂದ್ಮೇಲೆ ಎಲ್ಲಾ ಒಂದೇ ಅತ್ತೆ."

"ಬೇಯೋದಿದ್ರೆ ತಾನೇ."

ಇಬ್ಬರೂ ನಗುತ್ತಿದ್ದರು. ಆಮೇಲೆ ಒಂದು ದಿನ ಕುರ್ಚಿ ಅಡುಗೆಮನೆಯ ಬಾಗಿಲಿನಿಂದ ಹಾಲಿಗೆ, ಟಿ.ವಿ. ಮುಂದಕ್ಕೆ ಹೋಯಿತು. ಕಾಮೆಂಟರಿ ನಿಂತಿತು. ಸಾರಿಗೆ ಏನು ಹಾಕಲಿ ಎಂದು ಕೇಳಿದರೆ "ಏನಾದ್ರೂ ಹಾಕಮ್ಮ" ಎಂಬ ಉತ್ತರ. ಇಷ್ಟು ವಿನಯ ನಮ್ಮ ಮನೆಗೆ ಒಗ್ಗುವಂಥದ್ದಲ್ಲ. "ರೀ, ನಿಮ್ಮಮ್ಮ ಬೈತಿಲ್ಲ, ಏನಾದ್ರೂ ಮಾಡಿ" ಎಂದಳು ನನ್ನ ಹೆಂಡತಿ. ಈ ಅಡುಗೆಮನೆಯಲ್ಲಿ ಇನ್ನು ತನಗೇನೂ ಇಲ್ಲ ಎಂದು ಅಮ್ಮ ತೀರ್ಮಾನ ಮಾಡಿಬಿಡುವ ಮೊದಲು ಈಳಿಗೆಯನ್ನು ಅವಳ ಎತ್ತರಕ್ಕೆ ತರಬೇಕಿತ್ತು.

ಮರಗೆಲಸ ನನ್ನ ಭಾನುವಾರದ ಹುಚ್ಚು. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳೇ ಕಾರ್ಖಾನೆ. ಒಂದು ಗರಗಸ, ಎರಡು ಉಳಿ, ಒಂದು ಡ್ರಿಲ್ಲು, ಮರ ನುಣುಪು ಮಾಡುವ ಒಂದು ಹಳೆಯ ತೋಪಡ. ಇನ್ನುಳಿದ ಬಂಡವಾಳ ಕಂಪ್ಯೂಟರಿನೊಳಗಿತ್ತು. ಬೇರೆ ಬೇರೆ ದೇಶಗಳ ಹವ್ಯಾಸಿ ಬಡಗಿಗಳು ಸೇರಿ ಹರಟುವ ಒಂದು ತಾಣಕ್ಕೆ ಸೇರಿಕೊಂಡಿದ್ದೆ. ಫೋನ್ ಲೈನು ಕಿರಿಚಿ, ಗೊರಗೊರ ಎಂದು, ಕೊನೆಗೆ ಒಪ್ಪಿಕೊಂಡಾಗ ಅವರೆಲ್ಲ ಸಿಗುತ್ತಿದ್ದರು. ಹೆಚ್ಚು ಮಾತಾಡುತ್ತಿದ್ದವರು ಇಬ್ಬರು: ಕೆನಡಾದ ಒಬ್ಬ ನಿವೃತ್ತ ಮೇಷ್ಟ್ರು, ಮಕ್ಕಳಿಗೆ ಮರದ ಆಟಿಕೆ ಮಾಡುತ್ತಿದ್ದ ನ್ಯೂಜಿಲೆಂಡಿನ ಒಬ್ಬಾಕೆ. ಚಳಿಗೆ ತನ್ನ ಶೆಡ್ಡಿನಲ್ಲಿ ಅಂಟು ಗಟ್ಟಿಯಾಗಿ ಕೂತಿದೆ ಎಂದು ಆತ ಗೋಳಾಡಿದರೆ, ಇಲ್ಲಿ ಏಪ್ರಿಲ್ ಬಿಸಿಲಿಗೆ ಬ್ರಷ್ಷಿನಲ್ಲೇ ಅಂಟು ಒಣಗುತ್ತಿದೆ ಎಂದು ನಾನು. ಇಬ್ಬರಿಗೂ ಸೇರಿ ಆಕೆಯ ಉತ್ತರ: ಮನೆಯೊಳಗೆ ಬಂದು ಟೀ ಕುಡಿಯಿರಿ. ಅವರು ಬರೆದದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಅಮ್ಮನ ಬಾಯಲ್ಲಿ ಅವರ ಹೆಸರು ಕೆನಡಾ ಮತ್ತು ನ್ಯೂಜಿಲೆಂಡು ಅಷ್ಟೆ.

ಈಳಿಗೆಯನ್ನು ನೆಲದಿಂದ ಮೇಲೆ ತರುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಕೆನಡಾದ ಉತ್ತರ ಮಾರನೆಯ ದಿನವೇ ಬಂತು. ಈಳಿಗೆಯನ್ನು ಒಂದು ಹಲಗೆಗೆ ಕೂರಿಸಿ ಅಡುಗೆಕಟ್ಟೆಯ ಮೇಲಿಡು. ಹಲಗೆಯ ನಿನ್ನ ಕಡೆಯ ತುದಿಯ ಅಡಿಗೆ ಒಂದು ಮರದ ಪಟ್ಟಿ ಹೊಡೆ. ಪಟ್ಟಿ ಕಟ್ಟೆಯ ಅಂಚನ್ನು ಕಚ್ಚಿಕೊಳ್ಳುತ್ತದೆ, ತರಕಾರಿಯನ್ನು ಮುಂದಕ್ಕೆ ಒತ್ತಿದಷ್ಟೂ ಬಿಗಿಯಾಗುತ್ತದೆ. ಹಲಗೆ ಎಲ್ಲಿ ಸಿಕ್ಕೀತು ಎಂದು ನೋಡುತ್ತಿದ್ದಾಗ ಓನರು ಕೊಟ್ಟಿಗೆ ಕಿತ್ತಾಗ ಉಳಿದ ಹೊನ್ನೆ ಹಲಗೆಗಳನ್ನು ತೋರಿಸಿದರು.

"ಎಷ್ಟು ಬೇಕೋ ತಗೊಳ್ಳಿ ಸಾರ್. ಆದ್ರೆ ಮಧ್ಯಾಹ್ನ ಮಾತ್ರ ಕುಟ್ಬೇಡಿ, ನಾನು ಮಲಗ್ತೀನಿ."

ಪಟ್ಟಿ ಕಚ್ಚಿಕೊಂಡಿತು. ಅಮ್ಮ ನಿಂತುಕೊಂಡೇ ಹುರುಳಿಕಾಯಿ ಹೆಚ್ಚಿದಳು. ಹಲಗೆ ಅಲುಗಲಿಲ್ಲ. ನಾನು ಕಂಪ್ಯೂಟರಿನ ಕಡೆ ಹೊರಟೆ. ಅಷ್ಟರಲ್ಲಿ ಅವಳು ತೆಂಗಿನಕಾಯಿಯ ಹೋಳೊಂದನ್ನು ಅಲಗಿನ ತುದಿಯ ತುರಿಮಣೆ ಹಲ್ಲಿಗೆ ಕೊಟ್ಟು ಕೆಳಕ್ಕೆ ಒತ್ತಿದಳು. ಹಲಗೆ ಮುಂದಕ್ಕೆ ಮುಗ್ಗರಿಸಿತು, ಹಿಂಭಾಗ ಎದ್ದು ನಿಂತಿತು. ಹೋಳು ಅಡುಗೆಮನೆ ದಾಟಿ, ಹಾಲು ದಾಟಿ, ಕುರ್ಚಿಯ ಕಾಲಿಗೆ ಬಡಿಯುವವರೆಗೂ ಉರುಳಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಅದು ಸಿಂಕಿಗೆ ಬಿತ್ತು ಎನ್ನುತ್ತಾಳೆ ನನ್ನ ಹೆಂಡತಿ. ಹಾಲಿನ ತನಕ ಉರುಳಿದ ಕಾಯಿ ಓದಲು ಸೊಗಸು. ಸಿಂಕೇ ಇರಬಹುದು.

"ಪರವಾಗಿಲ್ಲ ಕಣೋ," ಎಂದಳು ಅಮ್ಮ. "ನೀನು ಹಿಂದೆ ಹಿಡ್ಕೊಂಡು ನಿಂತ್ಕೊ. ದಿನಾ ಆಫೀಸಿಗೆ ರಜ ಹಾಕು."

ಹಾಗೆಂದವಳು ಕೈ ತೊಳೆದು ಮತ್ತೆ ಟಿ.ವಿ. ಮುಂದೆ ಹೋಗಿ ಕೂತಳು. ಕೆನಡಾದಿಂದ ಇನ್ನೊಂದು ಸಲಹೆ ಬಂತು: ಕಬ್ಬಿಣದ ಕ್ಲಾಂಪು ಹಾಕಿ ಹಲಗೆಯನ್ನು ಕಟ್ಟೆಗೇ ಬಿಗಿದುಬಿಡು. ಅಮ್ಮನಿಗೆ ಇದು ಕೇಳಲೂ ಬೇಡವಾಯಿತು.

"ಕೆಲಸ ಆದ್ಮೇಲೆ ಈಳಿಗೆ ಮಲಗಿಸ್ಬೇಕು. ಹಗಲೂ ರಾತ್ರಿ ಬಾಯಿ ತೆರ್ಕೊಂಡು ನಿಂತಿರುತ್ತಾ ಅದು? ಹೇಳು ನಿನ್ನ ಕೆನಡಾಗೆ."

ಹೇಳಿದೆ. ಮರದ ಮಾತು ಬಿಟ್ಟು ತಾಣದಲ್ಲಿ ಒಂದು ವಾರ ಅದೇ ಚರ್ಚೆ. ಹುಲ್ಲು ಕೊಯ್ಯುವ ದೊಡ್ಡ ಕುಡುಗೋಲನ್ನು ತನ್ನ ತಂದೆ ಎಂದೂ ಗೋಡೆಗೆ ಒರಗಿಸಿ ಬರುತ್ತಿರಲಿಲ್ಲ ಎಂದು ಬರೆದಳು ನ್ಯೂಜಿಲೆಂಡಿನಾಕೆ. ಆಮೇಲೆ ಒಂದು ಪ್ರಶ್ನೆ ಹಾಕಿದಳು: ಅಮ್ಮ ನೆಲದ ಮೇಲೆ ಹೆಚ್ಚುತ್ತಿದ್ದಾಗ ಆ ಮಣೆಯನ್ನು ಅಲುಗದಂತೆ ಹಿಡಿದಿಡುತ್ತಿದ್ದುದು ಏನು?

ಏನೂ ಇಲ್ಲ, ಸುಮ್ಮನೆ ನೆಲದ ಮೇಲಿರುತ್ತದೆ ಎಂದು ಟೈಪು ಮಾಡಿದೆ. ಯಾಕೋ ಕಳಿಸಲಾಗಲಿಲ್ಲ. ಎದ್ದು ಹೋಗಿ ಅಮ್ಮನನ್ನೇ ಕೇಳಿದೆ.

"ಏನು ಹಿಡ್ಕೊಳುತ್ತೆ ಅಂದ್ರೆ? ನಾನೇ. ಮೇಲೆ ಕೂತಿರ್ತೀನಲ್ಲೋ!"

ಆ ತಾಣದಲ್ಲಿ ಯಾರ ಫೋಟೋ ನೋಡಿದರೂ ಕ್ಲಾಂಪುಗಳು: ಗೋಡೆ ತುಂಬ ಕ್ಲಾಂಪು, ಬೆಂಚಿನ ಸುತ್ತ ಕ್ಲಾಂಪು. ಅದನ್ನೇ ನೋಡಿ ನೋಡಿ ನಾನೂ ಈಳಿಗೆಯನ್ನು ಯಾವುದಕ್ಕೆ ಕಟ್ಟಲಿ ಎಂದು ಹುಡುಕುತ್ತಿದ್ದೆ. ಮಣೆಯ ಹಿಂಭಾಗ ಇರುವುದು ಕೂರುವುದಕ್ಕೆ ಎಂದು ಅಲ್ಲಿರುವ ಯಾರಿಗೂ ತಟ್ಟನೆ ಹೊಳೆಯದು. ಇಲ್ಲಿಂದ ನಾನು ಹೇಳಿರಲೂ ಇಲ್ಲ. ಈಗ ಹೇಳಿದೆ. ಕೆನಡಾಗೆ ಎಲ್ಲಿಲ್ಲದ ಉತ್ಸಾಹ ಬಂತು. ಇಂಥದ್ದು ತಮ್ಮಲ್ಲೂ ಇದೆ ಎಂದು ಚಿತ್ರ ಕಳಿಸಿದ. ಉದ್ದನೆಯ ಬೆಂಚು, ಅದರ ಮೇಲೆ ಕುದುರೆ ಸವಾರನ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂತ ಗಡ್ಡದವನೊಬ್ಬ ಮರ ಕೆತ್ತುತ್ತಿದ್ದಾನೆ. ಪ್ರಿಂಟು ತೆಗೆಸಿ ಅಮ್ಮನಿಗೆ ತೋರಿಸಿದೆ.

ಅವಳು ಕನ್ನಡಕ ಏರಿಸಿ ನೋಡಿದಳು. "ನಾನು ಹೀಗೆ ಕೂರ್ಬೇಕಾ? ಸೀರೆ ಉಟ್ಕೊಂಡು? ಕೆಳಗಡೆ ಓನರಿಗೂ ಟಿಕೆಟ್ ಮಾರು, ಬಂದು ನೋಡ್ಲಿ."

ನನ್ನ ಹೆಂಡತಿ ನಗುತ್ತ ನೆಲದ ಮೇಲೇ ಕೂತುಬಿಟ್ಟಳು. ಅಮ್ಮ ಮಾತ್ರ ಚಿತ್ರವನ್ನು ವಾಪಸು ಕೊಡಲಿಲ್ಲ. ಅತ್ತ ಇತ್ತ ತಿರುಗಿಸಿ ನೋಡುತ್ತಲೇ ಇದ್ದಳು. ಬಹಳ ದಿನಗಳ ಮೇಲೆ ಅವಳಾಗಿಯೇ ಏನನ್ನೋ ಯೋಚಿಸುತ್ತಿದ್ದಳು.

"ಎರಡೂ ಕಾಲು ಒಂದೇ ಕಡೆ ಬಿಟ್ರೆ? ಸ್ಕೂಟರ್ ಹಿಂದೆ ಕೂರ್ತೀವಲ್ಲ, ಹಾಗೆ. ಜಯನಗರದಿಂದ ಬನಶಂಕರಿ ದೇವಸ್ಥಾನದ ತನಕ ನಿಮ್ಮಪ್ಪನ ಹಿಂದೆ ಹಾಗೇ ಕೂತು ಹೋಗ್ತಿದ್ದೆ, ಕೈಲಿ ಹೂವಿನ ಬುಟ್ಟಿ ಬೇರೆ."

ಅಂದಿನಿಂದ ಕೆಲಸ ಓಡಿತು. ಮೊಳೆ, ಬೋಲ್ಟು ಏನೂ ಬೇಡ ಎಂದುಕೊಂಡೆವು. ಕುರ್ಚಿಯಷ್ಟು ಎತ್ತರದ ಬೆಂಚು. ಅದರ ಮೇಲೆ ಸುತ್ತಲೂ ಚಿಕ್ಕ ಅಂಚು. ಅಂಚಿನೊಳಗೆ ಅವಳ ಹಳೆಯ ಈಳಿಗೆಮಣೆ ಇದ್ದ ಹಾಗೇ ಕೂರುತ್ತದೆ. ಅದರ ಹಿಂಭಾಗದ ಮೇಲೆ ಅವಳು. ಕೆಲಸ ಮುಗಿದರೆ ಮಣೆಯನ್ನು ಎತ್ತಿ ಮಲಗಿಸಬಹುದು. ನಾಲ್ಕು ಕಾಲು ಬೇಡ, ಮೂರು ಸಾಕು ಎಂದ ಕೆನಡಾ: ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಾಲಿನದು ಕುಂಟುವುದಿಲ್ಲ, ಒಂದು ಕಾಲನ್ನು ಅಲಗಿನ ನೇರ ಕೆಳಗೆ ಕೊಡು, ಒತ್ತಿದ ಭಾರ ಅಲ್ಲೇ ಇಳಿಯಲಿ. ಹಿಂದಿನ ಎರಡನ್ನು ಅಗಲಿಸಿ ಇಡಬೇಕು. ಎಷ್ಟು ಓರೆ ಎಂದು ಅಳೆಯಲು ನನ್ನ ಹತ್ತಿರ ಸಾಧನವಿರಲಿಲ್ಲ. ಕಾಗದ ಮಡಿಚಿ ಕೋನ ಮಾಡಿಕೊ, ಡ್ರಿಲ್ಲಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಣ್ಣಳತೆಯಲ್ಲಿ ಕಾಲಿನ ತೂತು ಕೊರೆ ಎಂದಳು ನ್ಯೂಜಿಲೆಂಡಿನಾಕೆ. ಹೊನ್ನೆ ಗಟ್ಟಿ ಮರ. ಕೊರೆಯುವ ಹೊತ್ತಿಗೆ ಡ್ರಿಲ್ಲು ಹೊಗೆಯಾಡಿತು. ಓನರು ಎರಡು ಸಲ ಮೇಲೆ ಬಂದರು, ಒಂದು ಸಲ ಬೈಯಲು, ಒಂದು ಸಲ ನೋಡಲು. ಬೈದದ್ದು ಮೊದಲೋ, ನೋಡಿದ್ದು ಮೊದಲೋ, ಹೇಳಲಾರೆ.

ಬೆಂಚು ಟೆರೇಸಿನಿಂದ ಅಡುಗೆಮನೆಗೆ ಇಳಿಯಿತು. ಅಮ್ಮ ಸ್ಕೂಟರ್ ಏರುವವಳಂತೆ ಒಂದು ಪಕ್ಕದಿಂದ ಕೂತು, ಸೆರಗು ಸಿಕ್ಕಿಸಿ, ಸೊಂಟ ತುಸು ಅಲಗಿನ ಕಡೆ ತಿರುಗಿಸಿದಳು. ಹುರುಳಿಕಾಯಿಯ ಗೊಡವೆಗೆ ಹೋಗಲಿಲ್ಲ. ನೇರ ತೆಂಗಿನಕಾಯಿಯನ್ನೇ ಕೇಳಿದಳು. ಹೋಳನ್ನು ಹಲ್ಲಿಗೆ ಕೊಟ್ಟು, ಭುಜದ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ನನ್ನ ಕೈ ತಾನಾಗಿ ಬೆಂಚಿನ ಹಿಂಭಾಗಕ್ಕೆ ಹೋಯಿತು.

"ಕೈ ತೆಗಿ," ಎಂದಳು.

ತೆಗೆದೆ. ಬೆಂಚು ಕದಲಲಿಲ್ಲ. ತಟ್ಟೆಗೆ ಬಿಳಿ ತುರಿ ಉದುರತೊಡಗಿತು.

"ಒಲೆ ಸಣ್ಣ ಮಾಡಮ್ಮ, ಬೇಳೆ ತಳ ಹಿಡೀತಿದೆ," ಎಂದಳು, ತಲೆ ಎತ್ತದೆ. ನನ್ನ ಹೆಂಡತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿ, ಒಲೆ ಸಣ್ಣ ಮಾಡಿದಳು.

"ಏನು ಬರೀಲಮ್ಮ ಅವರಿಗೆ?"

"ಎತ್ತರ ಒಂದು ಬೆರಳು ಜಾಸ್ತಿಯಾಯ್ತು ಅಂತ ಬರಿ. ಪಾದ ನೆಲಕ್ಕೆ ಸರಿಯಾಗಿ ಊರ್ತಿಲ್ಲ."

ಗರಗಸ ತಂದೆ. ಪೆನ್ಸಿಲಿನಿಂದ ಮೂರು ಕಾಲಿಗೂ ಗುರುತು ಹಾಕಿದೆ.

"ಏಳಮ್ಮ, ಕೊಯ್ದುಬಿಡ್ತೀನಿ."

"ಇರೋ, ಈ ಹೋಳು ಮುಗೀಲಿ."

ಮುಗಿಯಿತು. ಅವಳು ಕೈ ಚಾಚಿ ಇನ್ನೊಂದು ಹೋಳು ತೆಗೆದುಕೊಂಡಳು.