ನಲವತ್ತೆರಡನೆಯ ಅಪಾಯ

ಬಾಶೆಟ್ಟಿಹಳ್ಳಿಯ ಪಂಪು ಕಾರ್ಖಾನೆಯಲ್ಲಿ ರಫ್ತು ವಿಭಾಗದ ದಂಡನಾಯಕರಾದ ಗೋಪಾಲಪ್ಪನವರ ಸೈನ್ಯದಲ್ಲಿ ಇದ್ದವರು ಇಬ್ಬರೇ: ಕಾಗದಪತ್ರ ನೋಡುವ ಮಮತ, ಲೋಡಿಂಗ್ ಜಾಗ ಗುಡಿಸುವ ಮುತ್ಯಾಲಮ್ಮ. ಶತ್ರುಗಳು ಮಾತ್ರ ಮೂರು ಲೋಕದ ತುಂಬ ಇದ್ದರು. ಒಮ್ಮೆ ಚೆನ್ನೈಗೆ ಚಂಡಮಾರುತ ಬಂದು ಕಂಟೇನರು ಬಂದರಿನಲ್ಲೇ ನಿಂತಿತು. ಇನ್ನೊಮ್ಮೆ ಸಿಂಗಪುರದಲ್ಲಿ ಹಡಗುಗಳ ಸಾಲು ಕರಗಲೇ ಇಲ್ಲ. ಆಸ್ಟ್ರೇಲಿಯಾದ ಗಿರಾಕಿ ಖಡಕ್ಕಾಗಿ ಬರೆದ: ಮೂರನೆಯ ಸಲವೂ ತಡವಾದರೆ ವರ್ಷದ ಆರ್ಡರ್ ರದ್ದು.

ಗೋಪಾಲಪ್ಪನವರು ಟೊಂಕ ಕಟ್ಟಿದರು. ನಲವತ್ತೊಂದು ಅಪಾಯಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಬಿರುಗಾಳಿಗೆ ಬದಲಿ ಬಂದರು, ಮುಷ್ಕರಕ್ಕೆ ಬದಲಿ ಲಾರಿ. ಎಲ್ಲಕ್ಕಿಂತ ಮಿಗಿಲಾಗಿ, ಸರಕನ್ನು ಇಪ್ಪತ್ತು ದಿನ ಮೊದಲೇ ಹೊರಡಿಸಿದರು.

ಕಂಟೇನರಿನ ಬಾಗಿಲು ಹಾಕುವ ಹೊತ್ತಿಗೆ ಮುತ್ಯಾಲಮ್ಮ ನಿಂಬೆಹಣ್ಣು, ಬೇವಿನ ಸೊಪ್ಪು ಹಿಡಿದು ಬಂದಳು. "ಎಲ್ಲಾ ಮಾಡಿದ್ರಿ ಸಾ, ದೃಷ್ಟಿಗೇನು ಮಾಡಿದ್ರಿ? ಎರಡು ಸಲ ಕೆಟ್ಟೈತೆ."

ಗೋಪಾಲಪ್ಪನವರು ಗೋಡೆಯ ಪಟ್ಟಿಯತ್ತ ಓಡಿದರು. ಪಟ್ಟಿಯಲ್ಲಿ ದೃಷ್ಟಿಯೇ ಇರಲಿಲ್ಲ! ಹಣ್ಣು, ಸೊಪ್ಪು ಎರಡನ್ನೂ ದಾರಕ್ಕೆ ಪೋಣಿಸಿ, ಸ್ವಹಸ್ತದಿಂದ ಕಂಟೇನರಿನ ಒಳಗೆ ಕಟ್ಟಿದರು.

"ಹೊರಗಡೆ ಕಟ್ಟಿ ಸಾ."

"ಹೊಸಕೋಟೆ ದಾಟೋದ್ರೊಳಗೆ ಬಿದ್ದೋಗುತ್ತೆ ಕಣಮ್ಮ. ಒಳಗೇ ಇದ್ದು ಆಸ್ಟ್ರೇಲಿಯಾವರೆಗೂ ಕಾಯ್ಲಿ."

ಕಾಯಿತು. ಅಲ್ಲಿ ಬಾಗಿಲು ತೆರೆದ ಅಧಿಕಾರಿಗಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಪಂಪು ಸರಿ, ಕಾಗದ ಸರಿ. ಹೊರದೇಶದ ಹಣ್ಣು, ಸೊಪ್ಪು ಮಾತ್ರ ಒಳಬರುವಂತಿಲ್ಲ. ಹುಳ ಸಾಯುವಂತೆ ಇಡೀ ಕಂಟೇನರಿಗೆ ಔಷಧದ ಹೊಗೆ ಹಾಕಬೇಕೆಂದು ಸರದಿಯಲ್ಲಿ ನಿಲ್ಲಿಸಿದರು. ಐದು ದಿನ, ಹನ್ನೆರಡು ದಿನ, ಹದಿನಾರು ದಿನ. ಗೋಪಾಲಪ್ಪನವರು ಬೆವರು ಸುರಿಸಿ ಕೂಡಿಟ್ಟ ದಿನಗಳನ್ನು ಒಣಗಿದ ನಿಂಬೆಹಣ್ಣೊಂದು ಕೂತಲ್ಲೇ ತಿಂದು ಮುಗಿಸುತ್ತಿತ್ತು.

"ಇದ್ಯಾವ ಕರ್ಮ ಮಮತ! ಬಿರುಗಾಳಿ ಬರ್ಲಿಲ್ಲ, ಮುಷ್ಕರ ಆಗ್ಲಿಲ್ಲ..."

"ನೀವಿದ್ರಲ್ಲ ಸಾರ್," ಎಂದಳು ಮಮತ, ತಲೆ ಎತ್ತದೆ.

ಇಪ್ಪತ್ತನೆಯ ದಿನ ಸಂಜೆ ಸರಕು ಗಿರಾಕಿಯ ಗೋದಾಮು ಸೇರಿತು. ಆರ್ಡರ್ ಕೂದಲೆಳೆಯಲ್ಲಿ ಉಳಿಯಿತು. ಆದರೆ ಗಿರಾಕಿ ಬಿಡಬೇಕಲ್ಲ! ಪಂಪಿನ ಜೊತೆ ಹಣ್ಣೇಕೆ ಎಂದು ಲಿಖಿತ ವಿವರಣೆ ಕೇಳಿದ. ದೃಷ್ಟಿಯ ಮಹಿಮೆಯನ್ನು ನಾಲ್ಕು ಸಲ ಬರೆದ ಗೋಪಾಲಪ್ಪನವರು ನಾಲ್ಕನ್ನೂ ಹರಿದು ಹಾಕಿದರು. ಕಡೆಗೆ ಮಮತಳೇ ಬರೆದು ಕಳಿಸಿದಳು: "ಸರಕಿನ ಸುರಕ್ಷತೆಗಾಗಿ ಕಟ್ಟಿದ್ದೆವು. ಇನ್ನು ಕಟ್ಟುವುದಿಲ್ಲ." ಗೋಡೆಯ ಪಟ್ಟಿಗೂ ನಲವತ್ತೆರಡನೆಯ ಅಪಾಯವನ್ನು ಸೇರಿಸಿದಳು: "ಗೋಪಾಲಪ್ಪ ಸಾರ್."

ಮುಂದಿನ ಕಂಟೇನರು ಹೊರಡುವ ದಿನ ಮುತ್ಯಾಲಮ್ಮ ಮತ್ತೆ ನಿಂಬೆಹಣ್ಣು ಹಿಡಿದು ನಿಂತಿದ್ದಳು. ಗೋಪಾಲಪ್ಪನವರು ಹಲ್ಲು ಕಡಿದರು. ಆದರೂ ಬೇಡವೆನ್ನಲು ನಾಲಿಗೆ ಏಳಲಿಲ್ಲ.

"ಲಾರಿ ಚಕ್ರದ ಕೆಳಗಿಡು ತಾಯಿ," ಎಂದರು. "ನನ್ನ ಕಣ್ಣೆದುರಿಗೇ ಅಪ್ಪಚ್ಚಿ ಆಗ್ಲಿ ಅದು."