ಬಿಚ್ಚಲು ಅಪ್ಪಣೆಯಾದ ಪೆಟ್ಟಿಗೆ

ನಮ್ಮ ಮನೆಗೆ ಇಂಟರ್ನೆಟ್ ಬಂದದ್ದು ಮುಂಬೈಯಿಂದ, ಒಂದು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು. ತಂದವರು ನನ್ನ ಸೋದರಮಾವ. ಅವರು ಅಲ್ಲೊಂದು ಕಂಪೆನಿಯ ಕ್ಯಾಂಟೀನ್ ನಡೆಸುತ್ತಿದ್ದರು. ಆ ಕಂಪೆನಿ ಟಿವಿಗೆ ಸಿಕ್ಕಿಸುವ ಪೆಟ್ಟಿಗೆಯೊಂದನ್ನು ಮಾಡಿ ಮಾರುತ್ತಿತ್ತು. ಟೆಲಿಫೋನಿನ ವಯರು ಕೊಟ್ಟರೆ ಸಾಕು, ಕಂಪ್ಯೂಟರ್ ಇಲ್ಲದೆಯೇ ಟಿವಿಯಲ್ಲಿ ಇಂಟರ್ನೆಟ್ ಬರುತ್ತದೆ ಎಂದು ಹೇಳಿಕೊಂಡು ಎರಡು ವರ್ಷ ಮಾರಿ, ಮೂರನೆಯ ವರ್ಷ ಬಾಗಿಲು ಹಾಕಿತು. ಕೊನೆಯ ದಿನ ಉಳಿದ ಪೆಟ್ಟಿಗೆಗಳನ್ನು ಎರಡು ಊಟದ ಬೆಲೆಗೆ ಕೊಟ್ಟು ಮುಗಿಸಿದರಂತೆ. ಮಾವ ಒಂದನ್ನು ಎತ್ತಿಕೊಂಡು ಬಸ್ಸು ಹತ್ತಿ, ತ್ರಾಸಿಯ ನಮ್ಮ ಮನೆಯ ಜಗಲಿಯಲ್ಲಿ ತಂದಿಟ್ಟರು.

"ಕಂಪ್ಯೂಟರ್ ತಕಂಬವ್ರಿಗೆ ಮರುಳ್ ಮಾರಾಯಾ. ಇದೊಂದ್ ಇದ್ರೆ ಲೋಕ ಇಡೀ ಮನ್ಯೊಳ್ಗೆ ಬತ್ತ್," ಎಂದರು.

ಲೋಕ ಬರಲಿಲ್ಲ. ಒಬ್ಬ ಹೆಂಗಸು ಬಂದಳು. ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿದರೆ ನೀಲಿ ಸೀರೆಯ ಹೆಂಗಸೊಬ್ಬಳ ಚಿತ್ರ ಮೂಡುತ್ತಿತ್ತು. ಒಂದು ಕೈ ಎತ್ತಿ ನಗುತ್ತಾ ನಿಂತಿರುತ್ತಿದ್ದಳು. ಕೆಳಗೆ, ಕರೆ ಮಾಡಲಾಗುತ್ತಿದೆ, ದಯವಿಟ್ಟು ಕಾಯಿರಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಆ ಪೆಟ್ಟಿಗೆ ತನ್ನ ಕಂಪೆನಿಯ ನಂಬರಿಗೆ ಬಿಟ್ಟು ಬೇರೆ ಯಾವ ನಂಬರಿಗೂ ಕರೆ ಮಾಡದು. ಆ ನಂಬರನ್ನು ಎತ್ತಲು ಕಂಪೆನಿಯೇ ಇಲ್ಲ. ನಮ್ಮ ಮನೆಯಲ್ಲಿ ಟೆಲಿಫೋನೂ ಇರಲಿಲ್ಲ ಎನ್ನುವುದು ಬೇರೆ ಮಾತು. ಆದರೂ ಇಂಟರ್ನೆಟ್ ನೋಡಲು ನೆರೆಕರೆಯವರು ನಾಲ್ಕು ದಿನ ಸಾಲಾಗಿ ಬಂದರು. ಚಾಪೆ ಹಾಸಿಕೊಂಡು ಕೂತು ಅವಳನ್ನು ನೋಡಿದರು. "ಎಷ್ಟೊತ್ತಿಂದ ಕೈ ಎತ್ಕಂಡ್ ನಿಂತಿತ್ತ್, ಪಾಪ," ಎಂದು ಅಮ್ಮ ಮರುಗಿದಳು.

ನನಗೆ ಆಗ ಬೈಂದೂರಿನಲ್ಲಿ ಒಂದು ಟಿವಿ ರಿಪೇರಿ ಅಂಗಡಿ ಇತ್ತು. ಕೈಯಲ್ಲಿ ಸಾಲ್ಡರಿಂಗ್ ಕಡ್ಡಿ ಹಿಡಿದವನಿಗೆ ಇರುವ ಅಹಂಕಾರ ನನಗೂ ಇತ್ತು, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಬಿಚ್ಚಿ ಜೋಡಿಸಲಾಗದ ವಸ್ತುವೇ ಇಲ್ಲ ಎಂದು ನಂಬಿದ್ದೆ. ಈ ಪೆಟ್ಟಿಗೆಯ ಒಳಗೆ ಇರುವುದು ಒಂದು ಸಣ್ಣ ಕಂಪ್ಯೂಟರೇ, ಬಾಯಿಗೆ ಬಟ್ಟೆ ತುರುಕಿ ಕೂರಿಸಿದ್ದಾರೆ ಅಷ್ಟೇ, ಬಟ್ಟೆ ತೆಗೆದರೆ ಮಾತಾಡುತ್ತದೆ ಎಂದು ನನ್ನ ವಾದ.

ಈ ವಾದಕ್ಕೆ ಸಿಕ್ಕಿದವಳು ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಅಪ್ಪಯ್ಯ ತೀರಿಹೋದ ಮೇಲೆ ಗೇರುಬೀಜದ ಕಾರ್ಖಾನೆಗೆ ಸೇರಿ, ಸಿಪ್ಪೆ ಬಿಡಿಸಿ ಬಿಡಿಸಿ, ಗೇರಿನ ಎಣ್ಣೆಗೆ ಅವಳ ಬೆರಳ ತುದಿಯೆಲ್ಲ ಕಪ್ಪಾಗಿ ಸುಲಿದಿತ್ತು. ನನ್ನ ಅಂಗಡಿ ಎದ್ದದ್ದೂ ಆ ಬೆರಳಿನಿಂದಲೇ. ಆ ವರ್ಷ ಬ್ರಹ್ಮಾವರದ ಕಡೆಯ ಒಂದು ಸೊಸೈಟಿಯಲ್ಲಿ ಗುಮಾಸ್ತರ ಹುದ್ದೆಯೊಂದು ಖಾಲಿ ಬಿತ್ತು. ಪಿಯುಸಿ ಆಗಿರಬೇಕು, ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಬರಬೇಕು. ಅಕ್ಕನಿಗೆ ಪಿಯುಸಿ ಆಗಿತ್ತು, ವಯಸ್ಸಿನ ಮಿತಿ ಮುಗಿಯಲು ಕೆಲವೇ ತಿಂಗಳಿತ್ತು. ಇದು ತಪ್ಪಿದರೆ ಮುಂದೆ ಗೇರುಬೀಜವೇ ಗತಿ. ಕುಂದಾಪುರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಬೇಕೆಂದು ಅವಳು ಫೀಸಿಗಾಗುವಷ್ಟು ಕೂಡಿಟ್ಟಿದ್ದಳು.

"ಅಕ್ಕಾ, ಆ ದುಡ್ಡ್ ನಂಗ್ ಕೊಡ್," ಎಂದೆ. "ಕ್ಲಾಸಿಗ್ ಹೋರೆ ಎರಡ್ ತಿಂಗ್ಳಿಗೆ ಮುಗೀತ್. ಈ ಪೆಟ್ಗಿನೇ ಕಂಪ್ಯೂಟರ್ ಮಾಡಿ ಕೊಡ್ತೆ. ಮನ್ಯಗೇ ಇರತ್ತ್, ನಿಂದೇ."

"ಆತ್ತಾ?" ಎಂದು ಕೇಳಿದಳು.

"ಆತ್ತ್."

ಅವಳು ಇನ್ನೊಂದು ಮಾತು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಅಮ್ಮ ಮಾತ್ರ ಅಡ್ಡ ಬಂದಳು. ಪುಕ್ಕಟೆ ಬಂದ ಪೆಟ್ಟಿಗೆಗೆ ಮಗಳ ದುಡ್ಡು ಸುರಿಯುವುದು ಅವಳಿಗೆ ಸರಿಕಾಣಲಿಲ್ಲ. "ಪ್ರಸಾದ ಕೇಂಬ," ಎಂದಳು. ನಮ್ಮಲ್ಲಿ ಮದುವೆಗೂ ಬಾವಿಗೂ ಕೇಳುವುದುಂಟು. ಭಟ್ಟರು ದೇವರ ಮೇಲೆ ಹೂವಿಟ್ಟು ಪ್ರಶ್ನೆ ಹೇಳುತ್ತಾರೆ. ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ.

ದೇವಸ್ಥಾನಕ್ಕೆ ಹೋದೆವು. "ಎಂತ ಕೇಂಬ್ದ್?" ಎಂದರು ಭಟ್ಟರು.

"ಪೆಟ್ಗಿ," ಎಂದಳು ಅಮ್ಮ.

ನಾನು ಮುಂದೆ ಬಂದು ವಿವರಿಸಿದೆ. ಒಳಗಿರುವ ಚಿಪ್ಪು, ಹೊರಗಿನಿಂದ ಸೇರಿಸಬೇಕಾದ ಹಾರ್ಡ್ ಡಿಸ್ಕು, ಅದಕ್ಕೆ ಬೇಕಾಗುವ ಕೇಬಲ್ಲು, ಹೊಸ ಕಂಪ್ಯೂಟರಿನ ಬೆಲೆಗೂ ಇದಕ್ಕೂ ಇರುವ ವ್ಯತ್ಯಾಸ. ಭಟ್ಟರು ಕಣ್ಣು ಮುಚ್ಚಿ ಕೇಳಿದರು. ಹಿಂದೆ ಜನ ಕಾಯುತ್ತಿದ್ದರು. ಆಮೇಲೆ ಅವರು ದೇವರಿಗೆ ತೊಂದರೆಯಾಗದ ಹಾಗೆ ಎಲ್ಲವನ್ನೂ ಚಿಕ್ಕದು ಮಾಡಿ, "ಇವರು ಪೆಟ್ಟಿಗೆಯನ್ನು ಬಿಚ್ಚಬಹುದೋ, ಬಿಚ್ಚಬಾರದೋ?" ಎಂದು ಕೇಳಿಬಿಟ್ಟರು. ಕೇಪಳದ ಹೂ ತಡಮಾಡದೆ ಬಲಕ್ಕೆ ಬಿತ್ತು.

ನನಗೆ ಖುಷಿಯೋ ಖುಷಿ. ಬಿಚ್ಚಿದ ಮೇಲೆ ಏನು, ಹಾಕಿದ ದುಡ್ಡಿಗೆ ಬೆಲೆ ಬರುತ್ತದೋ ಇಲ್ಲವೋ, ಇದನ್ನು ಯಾರೂ ಕೇಳಿರಲಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ದೇವರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದ.

ಬಿಚ್ಚಿದೆ. ಬಿಚ್ಚುವ ಕೆಲಸ ಹತ್ತು ನಿಮಿಷದಲ್ಲಿ ಸಲೀಸಾಗಿ ಮುಗಿಯಿತು. ಬ್ರಹ್ಮಾವರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಬಿಚ್ಚಿದ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಅವನ ಹತ್ತಿರ ಹೋದೆ. ಅವನು ಬಗ್ಗಿ ನೋಡಿ, "ಆತ್ತ್ ಮಾರ್ರೆ, ಒಂದ್ ಹಾರ್ಡ್ ಡಿಸ್ಕ್ ಇದ್ರೆ ಸಾಕ್," ಎಂದ. ಹಳೆಯದೊಂದನ್ನು ಅವನೇ ಕೊಟ್ಟ. ಮನೆಗೆ ತಂದರೆ ಪೆಟ್ಟಿಗೆಯೊಳಗೆ ಕೇಬಲ್ಲು ಸಿಕ್ಕಿಸುವ ಮುಳ್ಳುಗಳು ತಿರುಗಾಮುರುಗಾ. ಅಂಗಡಿಯ ಕೇಬಲ್ಲು ಕೂರುವುದಿಲ್ಲ. ಕೂದಲಿನಷ್ಟು ಸಪೂರದ ನಲವತ್ತು ವಯರುಗಳನ್ನು ಒಂದೊಂದಾಗಿ ಕತ್ತರಿಸಿ, ತಿರುವಿ ಬೆಸುಗೆ ಹಾಕಿದೆ. ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಗಿರಾಕಿಗಳ ಟಿವಿಗಳು ಅಂಗಡಿಯಲ್ಲಿ ಕವುಚಿ ಬಿದ್ದಿದ್ದವು.

ಹಾರ್ಡ್ ಡಿಸ್ಕ್ ಕೂರಿಸಿದ ಮೇಲೆ ಮುಚ್ಚಳ ಹಾಕಲು ಬರಲಿಲ್ಲ. ಮುಚ್ಚಳವಿಲ್ಲದೆ ಇಟ್ಟರೆ ಅದು ದೋಸೆಯ ಕಾವಲಿಯ ಹಾಗೆ ಕಾಯಿತು. ಟೇಬಲ್ ಫ್ಯಾನ್ ತಂದು ಎದುರಿಗೆ ಇಟ್ಟೆ. ಟಿವಿಯಲ್ಲಿ ಅಕ್ಷರ ಹಿಂಡಿದ ಹಾಗೆ ಕಾಣುತ್ತದೆಂದು ಹಳೆಯ ಮಾನಿಟರೊಂದು ಬಂತು. ಮಾನಿಟರಿಗೆ ಇದರಲ್ಲಿ ಜಾಗವಿಲ್ಲವೆಂದು ಇನ್ನೊಂದು ಸರ್ಕ್ಯೂಟ್ ಹಲಗೆ ಬಂತು. ಹಲಗೆಗೆ ಈ ಪೆಟ್ಟಿಗೆಯ ಕರೆಂಟು ಸಾಲದೆಂದು ಇನ್ನೊಂದು ಸಪ್ಲೈ ಬಂತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗುತಿ ಸೇರಿಸುತ್ತಾ ಸೇರಿಸುತ್ತಾ ಮೂಗೇ ಕಾಣದಂತಾಯಿತು. ಪ್ರತಿಸಲ ಬ್ರಹ್ಮಾವರಕ್ಕೆ ಹೋಗುವಾಗಲೂ, ಇನ್ನು ಇದೊಂದೇ, ಇಷ್ಟು ಹಾಕಿದ ಮೇಲೆ ಇಷ್ಟಕ್ಕೆ ಯಾಕೆ ಬಿಡುವುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆರನೆಯ ಸಲ ರಿಪೇರಿಯವನು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಗಲ್ಲ ಕೆರೆದುಕೊಂಡು, "ಈಗ ಎಲ್ಲ ಸಮ ಇತ್ತ್ ಮಾರ್ರೆ. ಆ ಪೆಟ್ಗಿ ಒಂದ್ ತೆಗ್ದ್ರೆ ಕಂಪ್ಯೂಟರ್ ಆತ್ತ್," ಎಂದ.

ನನಗೆ ಎಂಥ ಸಿಟ್ಟು ಬಂತೆಂದರೆ ಅವನ ಚಹಾವನ್ನೂ ಕುಡಿಯದೆ ಎದ್ದು ಬಂದೆ. ಪೆಟ್ಟಿಗೆಯನ್ನೇ ತೆಗೆಯುವುದಾದರೆ ನನ್ನ ಮಾತು ಉಳಿಯುವುದೆಲ್ಲಿ?

ಅದು ಒಂದು ಸಲ ಕೆಲಸ ಮಾಡಿತು. ಸುಳ್ಳಲ್ಲ. ಒಂದು ಮಧ್ಯಾಹ್ನ ಮಾನಿಟರಿನಲ್ಲಿ ಕಪ್ಪು ಪರದೆ ಬಂದು ಬಿಳಿಯ ಗೆರೆಯೊಂದು ಮಿನುಗಿತು. ನಾನು ಕೀಬೋರ್ಡಿನಲ್ಲಿ ನನ್ನ ಹೆಸರು ಹೊಡೆದೆ, ಅದು ಮೂಡಿತು. ಅಮ್ಮನನ್ನು ಕರೆದೆ. ಅವಳು ಬಂದು ನೋಡಿ, "ಆ ಹೆಣ್ಣ್ ಎಲ್ಲಿ ಹೋಯ್ತ್?" ಎಂದು ಕೇಳಿದಳು. ಸಂಜೆ ಅಕ್ಕ ಕಾರ್ಖಾನೆಯಿಂದ ಬರುವ ಹೊತ್ತಿಗೆ ಸುಟ್ಟ ವಾಸನೆಯೊಂದೇ ಉಳಿದಿತ್ತು.

"ಮಧ್ಯಾಹ್ನ ಬಂದಿತ್ತ್ ಅಕ್ಕಾ, ದೇವ್ರಾಣೆ," ಎಂದೆ.

"ಹೌದಾ," ಎಂದಳು. ಬಾವಿಕಟ್ಟೆಗೆ ಹೋಗಿ ಕೈ ತೊಳೆಯತೊಡಗಿದಳು. ಬಹಳ ಹೊತ್ತು ತೊಳೆದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳ ಫೀಸಿನ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು, ಇಂಟರ್‌ವ್ಯೂಗೆ ಮೂರು ವಾರ ಉಳಿದಿತ್ತು, ಅವಳು ಬೈಯಲಿಲ್ಲ. ನಾಚಿಕೆಯಿಂದ ನಾನು ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಅಕ್ಕ ನನ್ನ ಹತ್ತಿರ ಬಂದು, "ಆ ಅಕ್ಷರದ ಹಲ್ಗಿ ಬೇಕಾ ನಿಂಗೆ?" ಎಂದು ಕೇಳಿದಳು. ಕೀಬೋರ್ಡ್. ಪೆಟ್ಟಿಗೆಯ ಜೊತೆ ಬಂದದ್ದರಲ್ಲಿ ನಾನು ಬಿಚ್ಚದೆ ಬಿಟ್ಟದ್ದು ಅದೊಂದೇ. ಅವಳು ಅದನ್ನು ಒಂದು ಮಣೆಯ ಮೇಲಿಟ್ಟು, ಯಾರಿಂದಲೋ ತಂದ ಟೈಪಿಂಗ್ ಪುಸ್ತಕವನ್ನು ಪಕ್ಕದಲ್ಲಿ ಬಿಡಿಸಿಟ್ಟು ಕೂತಳು. ವಯರು ನೆಲದ ಮೇಲೆ ಬಿದ್ದಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ, ಟಕಟಕ, ಟಕಟಕ. ವಾರದಲ್ಲಿ ಕೀಲಿಗಳ ಮೇಲೆ ಗೇರಿನ ಎಣ್ಣೆಯ ಮಸಿ ಹತ್ತಿ ಅಕ್ಷರಗಳೇ ಕಾಣದಾದವು. ಅವಳಿಗೆ ಆಗ ನೋಡುವ ಅಗತ್ಯವೂ ಇರಲಿಲ್ಲ.

"ಎಂತ ಬರೀತ್ಯೆ?" ಎಂದು ಅಮ್ಮ ಕೇಳಿದಳು.

"ಕಾಗ್ದ."

"ಎಲ್ಲಿತ್ತ್?"

"ಹೋಯ್ತ್," ಎಂದಳು ಅಕ್ಕ, ತಲೆಯೆತ್ತದೆ.

ಅಮ್ಮ ನಂಬಿಬಿಟ್ಟಳು. ಇಂಟರ್ನೆಟ್ ಎಂದರೆ ಕಾಗದ ಹೋಗುವುದು ಎಂದು ಮಾವ ಅವಳಿಗೆ ಹೇಳಿಕೊಟ್ಟಿದ್ದರು. ತನ್ನ ತಮ್ಮನಿಗೂ ಒಂದು ಬರೆ, ಮುಂದಿನ ಸಲ ಬರುವಾಗ ಮೊಣಕಾಲಿಗೆ ಹಚ್ಚುವ ಎಣ್ಣೆ ತರಬೇಕಂತೆ ಎಂದಳು. ಅಕ್ಕ ಅದನ್ನೂ ಬರೆದಳು. ಭಾನುವಾರ ಮಾವ ಮುಂಬೈಯಿಂದ ನನ್ನ ಅಂಗಡಿಗೆ ಫೋನ್ ಮಾಡಿದಾಗ ಅಮ್ಮ ಅಲ್ಲೇ ಇದ್ದಳು. "ಕಾಗ್ದ ಸಿಕ್ಕಿತಾ?" ಎಂದು ಕೂಗಿ ಕೇಳಿದಳು. ತಾನು ತಂದ ಪೆಟ್ಟಿಗೆ ಕೆಲಸ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾತಿಯವರಲ್ಲ ಮಾವ. "ಸಿಕ್ತ್, ಸಿಕ್ತ್, ಅಕ್ಷರ ಲಾಯ್ಕ್ ಇತ್ತ್," ಎಂದರು. ಎಣ್ಣೆ ಮಾತ್ರ ಬರಲಿಲ್ಲ.

ಇಂಟರ್‌ವ್ಯೂ ದಿನ ಅಕ್ಕನ ಜೊತೆ ನಾನೂ ಹೋದೆ. ಆರು ಮಂದಿ ಬಂದಿದ್ದರು, ಐವರು ಕ್ಲಾಸಿಗೆ ಹೋದವರು. ಅಕ್ಕ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಒಳಗೆ ಮೇಜಿನ ಮೇಲೆ ಕಂಪ್ಯೂಟರ್, ಅದರ ನೆತ್ತಿಗೆ ಕುಂಕುಮ. ಮೊದಲನೆಯವಳನ್ನು ಕರೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಒಂದು ಗಂಟೆ ಕಾದರು. ಫೋನ್ ಮಾಡಿ ಕೇಳಿದರೆ ಸಂಜೆಯವರೆಗೂ ಬರುವುದಿಲ್ಲ ಎಂದರು. ಅಧ್ಯಕ್ಷರಿಗೂ ನಿರ್ದೇಶಕರಿಗೂ ಇನ್ನೊಂದು ದಿನ ಒಟ್ಟಾಗುವುದೆಂದರೆ ಆಗದ ಮಾತು. ಮೇಲಾಗಿ ಬಿಸಿ ಗೋಳಿಬಜೆ ಆಗಲೇ ತಟ್ಟೆಗೆ ಬಂದು ಕೂತಿತ್ತು.

"ಕರೆಂಟ್ ಇಲ್ದಿರೆ ಎಂತ ಆಯ್ತ್?" ಎಂದರು ಅಧ್ಯಕ್ಷರು. "ನಮ್ಗ್ ಕಾಂಬ್ಕಾದ್ದ್ ಕೈ. ಕೈ ಓಡುದ್ ಕಾಂಬ."

ನಾನು ಕಿಟಕಿಯ ಹೊರಗೆ ನಿಂತು ನೋಡಿದೆ. ಸತ್ತ ಕಂಪ್ಯೂಟರಿನ ಮುಂದೆ ಒಬ್ಬೊಬ್ಬರನ್ನೇ ಕೂರಿಸಿ, ಏನಾದರೂ ಒಂದು ಪುಟ ಟೈಪ್ ಮಾಡಿ ಎಂದರು. ಕ್ಲಾಸಿಗೆ ಹೋದವರು ಒಂದು ಅಕ್ಷರ ಒತ್ತಿ ಪರದೆ ನೋಡುವರು, ಏನೂ ಕಾಣದೆ ಮತ್ತೆ ಅದನ್ನೇ ಒತ್ತುವರು. ಒಬ್ಬಳು, "ಕಾಣ್ದೆ ಹ್ಯಾಂಗ್ ಮಾಡುದ್?" ಎಂದು ಅತ್ತೇಬಿಟ್ಟಳು. ಕೊನೆಗೆ ಅಕ್ಕ. ಕೂತಳು, ಸೆರಗಿನಿಂದ ಕೈ ತೆಗೆದಳು, ಶುರುಮಾಡಿದಳು. ಕಂಪ್ಯೂಟರ್ ಎಂದರೆ ಹೀಗೆ ಕಪ್ಪಗೆ ಸುಮ್ಮನೆ ಇರುವುದೇ ಎಂಬಂತೆ, ಒಂದು ಸಲವೂ ಪರದೆ ನೋಡದೆ, ಬೆರಳುಗಳು ಅರಳು ಹುರಿದ ಹಾಗೆ ಓಡಿದವು. ಅಧ್ಯಕ್ಷರು ಹಿಂದೆ ಬಂದು ನಿಂತು, ಕನ್ನಡಕ ಏರಿಸಿ ಆ ಖಾಲಿ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಒಂದೂ ತಪ್ಪಿಲ್ಲ," ಎಂದರು.

ಕೆಲಸ ಅಕ್ಕನಿಗೆ ಸಿಕ್ಕಿತು. ಕಿಟಕಿಯ ಸರಳು ಹಿಡಿದುಕೊಂಡು ನಾನು ಅತ್ತೆ, ಯಾರು ನೋಡಿದರೂ ಚಿಂತೆಯಿಲ್ಲ ಎಂದು ಅತ್ತೆ.

ಹತ್ತು ಹನ್ನೆರಡು ವರ್ಷ ಕಳೆಯಿತು. ಅಕ್ಕ ಅದೇ ಸೊಸೈಟಿಯಲ್ಲಿ ಹೆಡ್ ಕ್ಲರ್ಕ್ ಆದಳು, ಬೆರಳುಗಳ ಕಪ್ಪು ಹೋಯಿತು. ಎಲ್ಲರ ಕೈಗೂ ಮೊಬೈಲ್ ಬಂತು, ಅದರಲ್ಲಿ ಇಂಟರ್ನೆಟ್ ಬಂತು. ಪೆಟ್ಟಿಗೆಯ ಖಾಲಿ ಕವಚದಲ್ಲಿ ಅಮ್ಮ ಹುರುಳಿ ಬೀಜ ತುಂಬಿಸಿಟ್ಟಿದ್ದಳು. ಒಂದು ಭಾನುವಾರ ಅದನ್ನು ಕಂಡು ನೆನಪಾಗಿ, ಅಕ್ಕ ಮೀನು ಕೊಯ್ಯುತ್ತಿದ್ದಲ್ಲಿಗೆ ಹೋಗಿ ಕೇಳಿದೆ.

"ಅಕ್ಕಾ, ಆ ದಿನ ಎಂತ ಟೈಪ್ ಮಾಡ್ದೆ?"

"ನಿಂಗೆ ಬೈದದ್ದ್," ಎಂದಳು.

"ಒಂದ್ ಪುಟ ಇಡೀ?"

"ಒಂದ್ ಪುಟ ಎಂತ, ಮೂರ್ ವಾರ ಇಡೀ ಅದೇ. ಪುಸ್ತಕದಗಿದ್ದದ್ದ್ ಎರಡ್ ದಿನಕ್ಕೇ ಮುಗ್ದಿತ್ತ್. ಮತ್ತೆ ಕೈ ಅಷ್ಟ್ ಜೋರ್ ಓಡುದ್ ಹ್ಯಾಂಗೆ?"

ನಾನು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಆಮೇಲೆ, "ಒಂದಾರೂ ನಂಗ್ ಸಿಕ್ಲಿಲ್ಲ ಅಲ್ದಾ," ಎಂದೆ.

"ಈಗ ಸಿಕ್ತಲ್ಲ," ಎಂದಳು ಅಕ್ಕ. ಬಂಗುಡೆಯ ತಲೆ ಕತ್ತರಿಸಿ ಬೆಕ್ಕಿಗೆ ಹಾಕಿ, ನೀರು ತಾ ಎಂದಳು. ನಾನು ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ತಂದು ಅವಳ ಕೈಗೆ ಹೊಯ್ದೆ.